ಮಾಂಕ್ ಗಿಳಿ: ಗೂಡಿನಿಂದ ಗುರುತಿಸಬಹುದಾದ ಗಿಳಿ

ಮಾಂಕ್ ಗಿಳಿ ಎಂಬುದು ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ಬೊಲಿವಿಯಾ ಮತ್ತು ದಕ್ಷಿಣ ಬ್ರೆಜಿಲ್‌ಗಳಲ್ಲಿ ನೆಲೆಸಿರುವ ಕಾಡುಗಿಳಿ. ಸಾಕುಹಕ್ಕಿಗಳ ಮಾರುಕಟ್ಟೆಯಲ್ಲಿ ಇದನ್ನೇ ಕ್ವೇಕರ್ ಗಿಳಿ ಎನ್ನುತ್ತಾರೆ. ಉದ್ದ ಸುಮಾರು 29 ಸೆಂ.ಮೀ., ತೂಕ ಹೆಚ್ಚುಕಡಿಮೆ 100 ಗ್ರಾಂ.

ಇದನ್ನು ಗುರುತಿಸಲು ಹಕ್ಕಿಗಿಂತ ಮೊದಲು ಗೂಡನ್ನು ನೋಡುವುದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ನಮ್ಮೂರಿನ ಗಿಳಿಯೂ ಸೇರಿದಂತೆ ಬಹುತೇಕ ಗಿಳಿಗಳು ಮರದ ಪೊಟರೆಯಲ್ಲೋ ಬಂಡೆ, ಗೋಡೆಗಳ ಸಂದಿನಲ್ಲೋ ಮೊಟ್ಟೆಯಿಟ್ಟರೆ, ಮಾಂಕ್ ಗಿಳಿಯು ಮುಳ್ಳುಕಡ್ಡಿಗಳನ್ನು ಕೊಕ್ಕಿನಿಂದ ಕತ್ತರಿಸಿ ತಂದು, ಒಂದರೊಳಗೊಂದು ಸಿಕ್ಕಿಸಿ, ಕೊಂಬೆಗಳ ನಡುವೆ ತಾನೇ ಗೂಡು ಕಟ್ಟುತ್ತದೆ. ಒಂದು ಜೋಡಿಯ ಗೂಡಿಗೆ ತಾಗಿಕೊಂಡೇ ಮತ್ತೊಂದು ಜೋಡಿ ತನ್ನ ಕೋಣೆಯನ್ನು ಸೇರಿಸುವುದರಿಂದ ಅದು ವರ್ಷಗಳಲ್ಲಿ ದೊಡ್ಡ ರಾಶಿಯಾಗಿ ಬೆಳೆಯುತ್ತದೆ. ಆದರೂ ಕೋಣೆಗಳು ಒಳಗೆ ಒಂದಕ್ಕೊಂದು ಕೂಡಿಕೊಂಡಿರುವುದಿಲ್ಲ. ಪ್ರತಿ ಜೋಡಿಗೂ ಅದರದೇ ಬಾಗಿಲು. ಮರಿಗಳ ಕಾಲ ಮುಗಿದ ಮೇಲೂ ಹಕ್ಕಿಗಳು ರಾತ್ರಿ ಅಲ್ಲಿಯೇ ತಂಗುವುದರಿಂದ ವರ್ಷದ ಯಾವ ತಿಂಗಳಿನಲ್ಲಾದರೂ ಈ ಗುರುತು ಸಿಗುತ್ತದೆ.

ಹಕ್ಕಿ ಹತ್ತಿರದಲ್ಲಿ ಕುಳಿತಿದ್ದರೆ ಎದೆಯನ್ನು ಗಮನಿಸಬೇಕು. ಹಣೆಯಿಂದ ಎದೆಯವರೆಗೆ ಬೂದುಬಣ್ಣವಿದ್ದು, ಎದೆಯ ಒಂದೊಂದು ಗರಿಗೂ ತಿಳಿಯಾದ ಅಂಚಿರುವುದರಿಂದ ಅಲ್ಲಿ ಮೀನಿನ ಹುರುಪೆಯಂಥ ಸಾಲುಗಳು ಕಾಣುತ್ತವೆ. ಬೆನ್ನು ಮತ್ತು ಉದ್ದನೆಯ ಬಾಲ ಹಸಿರು. ಹಾರುವಾಗ ರೆಕ್ಕೆಯ ಉದ್ದಗರಿಗಳ ನೀಲಿ ತೋರುತ್ತದೆ. ಹೆಣ್ಣು ಗಂಡುಗಳಿಗೆ ಹೊರನೋಟದಲ್ಲಿ ಭೇದವಿಲ್ಲ.

ಪಂಜರದಿಂದ ತಪ್ಪಿಸಿಕೊಂಡ ಮತ್ತು ಬಿಟ್ಟುಬಿಟ್ಟ ಹಕ್ಕಿಗಳ ಸಂತತಿ ಈಗ ಬಾರ್ಸಿಲೋನಾ, ಷಿಕಾಗೋ, ಫ್ಲಾರಿಡಾ ಮುಂತಾದೆಡೆ ಬೇರೂರಿದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಗ್ರೀನ್‌ವುಡ್ ಸ್ಮಶಾನದ ಹೆಬ್ಬಾಗಿಲ ಗೋಪುರದ ಮೇಲೂ ಇವುಗಳ ಗೂಡುಗಳಿವೆ. ಬಾರ್ಸಿಲೋನಾದಲ್ಲಿ ನಮ್ಮ ಗಿಳಿಯೂ ಇರುವುದರಿಂದ ಗೊಂದಲ ಸಹಜ. ಕೊಕ್ಕು ಕೆಂಪಾಗಿದ್ದರೆ, ಕೊರಳಲ್ಲಿ ಪಟ್ಟಿಯಿದ್ದರೆ ಅದು ನಮ್ಮ ಗಿಳಿ. ಮಾಂಕ್ ಗಿಳಿಯ ಕೊಕ್ಕು ಮಾಸಲು ಕಂದು, ಕೊರಳಲ್ಲಿ ಪಟ್ಟಿಯಿಲ್ಲ.

ಅಮೆರಿಕದ ನಗರಗಳಲ್ಲಿ ವಿದ್ಯುತ್ ಕಂಬ ಮತ್ತು ಟ್ರಾನ್ಸ್‌ಫಾರ್ಮರ್‌ಗಳ ಮೇಲೂ ಇವು ಗೂಡು ಕಟ್ಟುತ್ತವೆ. ಒದ್ದೆಯಾದ ಕಡ್ಡಿಗಳಿಂದ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿಕೊಳ್ಳುವುದುಂಟು. ಆದ್ದರಿಂದ ವಿದ್ಯುತ್ ಕಂಪನಿಗಳು ಅವುಗಳನ್ನು ಕಿತ್ತುಹಾಕುತ್ತವೆ. ಆದರೆ ಗೂಡು ಕಳೆದುಕೊಂಡ ಹಕ್ಕಿಗಳು ಅನೇಕ ವೇಳೆ ಅದೇ ಜಾಗಕ್ಕೆ ಮತ್ತೆ ಕಡ್ಡಿ ತರಲು ತೊಡಗುತ್ತವೆ.