ಸದಾ ಚಿಂತೆ ಮಾಡುವ ಪಾತ್ರವನ್ನು ಬರೆಯುವುದು ಹೇಗೆ?

ಪ್ರಶ್ನೆ: ನನ್ನ ಕಥೆಯ ಸರೋಜಮ್ಮ ಎಲ್ಲದಕ್ಕೂ ಚಿಂತೆ ಮಾಡುವವಳು. ಎರಡು ಪುಟಕ್ಕೇ ಓದುಗರಿಗೆ ಸಾಕಾಗುತ್ತಿದೆ. ಎಲ್ಲಿ ಎಡವಿದ್ದೇನೆ?

ಉತ್ತರ: ‘ಅವಳಿಗೆ ಆತಂಕವಾಯಿತು’, ‘ಎದೆ ಢವಢವ ಹೊಡೆದುಕೊಂಡಿತು’ ಎಂಬಂಥ ಸಾಲುಗಳು ಎಷ್ಟಿವೆ, ಎಣಿಸಿ ನೋಡಿ. ಅವನ್ನೆಲ್ಲ ತೆಗೆದು, ಚಿಂತೆಗೆ ಒಂದು ವಸ್ತುವನ್ನೂ ಒಂದು ಹೊತ್ತನ್ನೂ ಕೊಡಿ:

ಮಗ ಹತ್ತೂವರೆಯ ಬಸ್ಸು ಹತ್ತಿದ. ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತಲಿಲ್ಲ. ಮಲಗಿರಬೇಕು. ಕಿಟಕಿ ಪಕ್ಕದ ಸೀಟಾದರೆ? ಗಾಳಿ ಹೊಡೆದು ಜ್ವರ ಬಂದರೆ? ನಾಳೆ ಇಂಟರ್‌ವ್ಯೂ. ಮಫ್ಲರ್ ಇಲ್ಲೇ ಗೂಟದಲ್ಲಿ ನೇತಾಡುತ್ತಿದೆ.

ಕನ್ನಡದಲ್ಲಿ ಚಿಂತೆ ಮನೆ ಮಾಡಿಕೊಂಡಿರುವುದೇ ಈ ‘ರೆ’ ಪ್ರತ್ಯಯದಲ್ಲಿ. ‘ಎಂದು ಯೋಚಿಸಿದಳು’ ಅನ್ನುವುದನ್ನು ಬಿಟ್ಟರೆ ಓದುಗರು ನೇರ ಅವಳ ತಲೆಯೊಳಗಿರುತ್ತಾರೆ. ಆದರೆ ನಾಲ್ಕೈದು ವಾಕ್ಯಕ್ಕೆ ನಿಲ್ಲಿಸಿ, ಕೈಗೆ ಕೆಲಸ ಕೊಡಿ. ಎದ್ದು ಮಫ್ಲರ್ ಮಡಚಲಿ. ಮೂರು ಸಾವಿರ ಪದಗಳ ಕಥೆಯಲ್ಲಿ ಇಂಥ ಸರಪಳಿ ಪೂರ್ತಿಯಾಗಿ ಒಮ್ಮೆ ಬಂದರೆ ಸಾಕು. ಎರಡನೇ ಸಲ ಅರ್ಧ ಸಾಕು. ಆಮೇಲೆ ಅವಳು ಗೂಟದ ಕಡೆ ನೋಡಿದರೇ ಓದುಗರಿಗೆ ಗೊತ್ತಾಗುತ್ತದೆ.

ಸಮಾಧಾನದ ದೃಶ್ಯವೇ ಎಲ್ಲಕ್ಕಿಂತ ಮುಖ್ಯ, ಅದನ್ನೇ ಹೆಚ್ಚಿನವರು ಬರೆಯುವುದಿಲ್ಲ. ಮಗ ‘ತಲುಪಿದೆ ಅಮ್ಮಾ’ ಅನ್ನುತ್ತಾನೆ. ಹತ್ತು ನಿಮಿಷ ನಿರಾಳ. ಆಮೇಲೆ: ದನಿ ಯಾಕೆ ಹಾಗಿತ್ತು? ಕೇಳಿ ಖಚಿತ ಮಾಡಿಕೊಂಡಷ್ಟೂ ಮತ್ತೆ ಕೇಳಬೇಕೆನಿಸುವುದು ಚಿಂತೆಯ ಸ್ವಭಾವ. ಕಥೆ ಮುಂದೆ ಸಾಗುವುದೂ ಇಲ್ಲಿಂದಲೇ: ಮಗ ಫೋನ್ ಎತ್ತುವುದನ್ನು ಕಡಿಮೆ ಮಾಡುತ್ತಾನೆ, ಸಣ್ಣಪುಟ್ಟ ಸುಳ್ಳು ಹೇಳಲು ಕಲಿಯುತ್ತಾನೆ.

ಚಿಂತೆಯನ್ನು ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ನುಗ್ಗುವ ವಿಪರೀತ ಭಯ) ಜತೆ ಬೆರೆಸಬೇಡಿ. ಅದು ನಿಮಿಷಗಳಲ್ಲೇ ಏರಿ ಇಳಿಯುವಂಥದ್ದು. ಚಿಂತೆ ಸಣ್ಣ ಉರಿಯಲ್ಲಿ ದಿನವಿಡೀ ಬೇಯುತ್ತದೆ: ಬಿಗಿದ ಭುಜ, ಬಾರದ ನಿದ್ದೆ, ಸುಸ್ತು, ಸೊಸೆಯ ಮೇಲೆ ಸಿಡುಕು. ಕಾಯಿಲೆ ಎಂದೇ ಬರೆಯುವುದಾದರೆ, ಕನಿಷ್ಠ 6 ತಿಂಗಳು, ಹೆಚ್ಚಿನ ದಿನಗಳಲ್ಲಿ, ಹಿಡಿತಕ್ಕೆ ಸಿಗದ ಚಿಂತೆ ಇರಬೇಕೆಂಬುದು ವೈದ್ಯರು ಬಳಸುವ ಅಳತೆಗಳಲ್ಲೊಂದು.

ಅವಳು ಹೆದರಿದ್ದೆಲ್ಲ ನಿಜವಾದರೆ ಸರೋಜಮ್ಮ ಭವಿಷ್ಯ ನುಡಿಯುವವಳಾಗಿಬಿಡುತ್ತಾಳೆ. ಅವಳ ಲೆಕ್ಕದಲ್ಲೇ ಇಲ್ಲದ್ದು ಸಂಭವಿಸಲಿ. ಪಕ್ಕದ ಮನೆಯಾಕೆ ಕುಸಿದು ಬಿದ್ದಾಗ ಆಟೋ ಕರೆದು ಆಸ್ಪತ್ರೆಗೆ ಸೇರಿಸುವವಳು ಅವಳೇ ಆಗಲಿ. ಯಾರದೋ ಬುದ್ಧಿಮಾತಿಗೆ ಕೊನೆಯ ಪುಟದಲ್ಲಿ ಚಿಂತೆ ಮಾಯವಾಗುವುದು ಬೇಡ. ಒಂದು ರಾತ್ರಿ ಹನ್ನೊಂದರ ಫೋನನ್ನು ಹನ್ನೆರಡರವರೆಗೆ ತಡೆದುಕೊಂಡಳು ಅಂದರೂ ಅದು ದೊಡ್ಡ ಬದಲಾವಣೆಯೇ.