1:180 ಅಂದರೆ ಏನು? ಬಸುರಿಯ ಕೈಗೆ ಬರುವ ವರದಿಯ ಹಿನ್ನೆಲೆ

ಬಸುರಿನ ಮೊದಲ ತಿಂಗಳುಗಳಲ್ಲಿ ಮಾಡುವ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ವರದಿಯಲ್ಲಿ ‘ಟ್ರೈಸೋಮಿ 21 (ಅಂದರೆ ಡೌನ್ ಸಿಂಡ್ರೋಮ್) – 1:180, ಹೈ ರಿಸ್ಕ್’ ಎಂದು ಬಂತೆಂದರೆ ಮನೆಯವರ ಊಟ ನಿದ್ದೆ ಹೋಗುತ್ತದೆ. ಆ ಸಾಲಿನ ಅರ್ಥ ಇಷ್ಟೇ: ಇದೇ ಲೆಕ್ಕ ಬಂದ 180 ಬಸುರಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, ಉಳಿದ 179 ಮಕ್ಕಳಿಗೆ ಇರುವುದಿಲ್ಲ. 1:2000 ಬಂದವರು ‘ಮಗು ನಾರ್ಮಲ್ ಅಂತೆ’ ಎಂದು ಹಗುರಾಗುತ್ತಾರೆ. ಅದೂ ತಪ್ಪು ತಿಳಿವಳಿಕೆಯೇ. ಇದು ಅಂದಾಜಿನ ಪರೀಕ್ಷೆ, ಖಚಿತ ಹೇಳುವುದು ಬೇರೆಯೇ ಪರೀಕ್ಷೆ. ನಾವು ಎರಡನ್ನೂ ‘ಟೆಸ್ಟ್’ ಎಂದೇ ಕರೆಯುತ್ತೇವೆ.

ಮೊದಲು ಬಂದದ್ದು ಖಚಿತ ಪರೀಕ್ಷೆ. ಡೌನ್ ಸಿಂಡ್ರೋಮ್‌ಗೆ 21ನೇ ಕ್ರೋಮೋಸೋಮಿನ ಹೆಚ್ಚುವರಿ ಪ್ರತಿ ಕಾರಣವೆಂದು 1959ರಲ್ಲಿ ಪ್ರಕಟವಾಯಿತು. ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ 15–20 ಮಿ.ಲೀ. ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್ 1970ರ ದಶಕದಲ್ಲಿ ಭಾರತಕ್ಕೆ ಬಂತು, ಬಹುಬೇಗ ಹೆಣ್ಣುಮಗುವೆಂದು ತಿಳಿದು ತೆಗೆಸುವ ದಾರಿಯೂ ಆಯಿತು. ಅದನ್ನು ತಡೆಯಲೆಂದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಬಂತು, 1996ರಲ್ಲಿ ಜಾರಿಯಾಯಿತು. ಸೂಜಿ ಹಾಕುವ ಮೊದಲು ಅಪಾಯಗಳನ್ನು ವಿವರಿಸಬೇಕು, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೇ ಕೊಡಬೇಕು ಎಂದು ಅದು ಹೇಳುತ್ತದೆ. ಅದೇ ಫಾರ್ಮ್ ಜಿ.

ರಕ್ತದ ಪರೀಕ್ಷೆಗಳು ಬಂದ ಮೇಲೆ ಈ ಎಚ್ಚರ ಸಡಿಲವಾಯಿತು. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕುಗಳಿವೆ ಎಂದು ವಿಜ್ಞಾನಿ ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2011ರಲ್ಲಿ ಆ ತುಣುಕುಗಳನ್ನು ನೋಡಿ ಅಂದಾಜು ಹೇಳುವ ರಕ್ತಪರೀಕ್ಷೆ, ಎನ್‌ಐಪಿಟಿ, ಮಾರುಕಟ್ಟೆಗೆ ಬಂತು. ಸೂಜಿಯ ಅಪಾಯವಿಲ್ಲ, ಹಾಗಾಗಿ ಮಾತೂ ಬೇಡ ಎಂಬಂತೆ ಶುಗರ್, ಥೈರಾಯ್ಡ್ ಜೊತೆಗೇ ರಕ್ತ ಹೋಗುತ್ತದೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಹಾಕಿದ ಸಹಿಯೇ ಒಪ್ಪಿಗೆ ಎಂದು ಹಲವರು ತಿಳಿಯುತ್ತಾರೆ. ಅದು ಫಾರ್ಮ್ ಎಫ್; ಮಗು ಗಂಡೋ ಹೆಣ್ಣೋ ತಿಳಿಯಲು ಬಯಸುವುದಿಲ್ಲ ಎಂಬ ಘೋಷಣೆ ಅದರಲ್ಲಿರುವುದು.

ಮಂಗಳೂರು, ಉಡುಪಿಯಲ್ಲಿ ಇನ್ನೊಂದು ತೊಡಕು. ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ, ಫಾರ್ಮ್ ಕನ್ನಡದ್ದು, ವರದಿ ಇಂಗ್ಲಿಷಿನದು. ‘ಬಾಲೆ ಎಡ್ಡೆ ಉಂಡಾ?’ (ಮಗು ಚೆನ್ನಾಗಿದೆಯಾ?) ಎಂದು ಅತ್ತೆ ತುಳುವಿನಲ್ಲಿ ಕೇಳುತ್ತಾರೆ. ಅಂದಾಜಿನ ಪರೀಕ್ಷೆ ಆ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರ ಕೊಡುವುದಿಲ್ಲ.

ಲೆಕ್ಕ ಕೆಡುವುದು ಹೆಚ್ಚಾಗಿ ಲ್ಯಾಬಿನ ಫಾರ್ಮ್‌ನಲ್ಲೇ. ತಾಯಿಯ ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಅವಳಿ, ಐವಿಎಫ್ – ಇವುಗಳಲ್ಲಿ ಒಂದು ತಪ್ಪಾದರೂ 1:180 ಬದಲಾಗುತ್ತದೆ. ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದಿದ್ದರೆ ಸ್ಕ್ಯಾನಿನಲ್ಲಿ ಅಳೆದ ಮಗುವಿನ ಉದ್ದದಿಂದಲೇ ವಾರ ಲೆಕ್ಕ ಹಾಕಬೇಕು. ಎನ್‌ಐಪಿಟಿಯನ್ನು ತೀರ ಬೇಗ ಮಾಡಿಸಿದರೆ ಅಥವಾ ತಾಯಿಯ ತೂಕ ಹೆಚ್ಚಿದ್ದರೆ ಮಗುವಿನ ಡಿಎನ್‌ಎ ಸಾಲದೆ ವರದಿಯೇ ಬಾರದಿರಬಹುದು. ಸೋದರಮಾವನನ್ನು ಮದುವೆಯಾದವರು ಹೆದರುವ ಏಕ ಜೀನಿನ ಕಾಯಿಲೆಗಳು ಸಾಮಾನ್ಯ ಎನ್‌ಐಪಿಟಿಯಲ್ಲಿ ಕಾಣುವುದಿಲ್ಲ. ಅಂಥದ್ದೇ ಒಂದು ರಕ್ತದ ಕಾಯಿಲೆಯಾದ ಥಲಸ್ಸೀಮಿಯಾದ ವಾಹಕರೇ ಎಂದು ತಿಳಿಯಲು ಗಂಡ, ಹೆಂಡತಿಯ ರಕ್ತದ ಬೇರೆ ಪರೀಕ್ಷೆ ಬೇಕು.

ಸಮಯದ ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಡಬಲ್ ಮಾರ್ಕರ್ ಜೊತೆಗೆ ಮಗುವಿನ ಕುತ್ತಿಗೆಯ ಹಿಂಭಾಗ ಅಳೆಯುವ ಎನ್‌ಟಿ ಸ್ಕ್ಯಾನ್ 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಕಾದವರಿಗೆ ಆ ಅವಕಾಶ ತಪ್ಪುತ್ತದೆ. ಮುಂದಿನದು ಕ್ವಾಡ್ರುಪಲ್ ಮಾರ್ಕರ್, ಅದೂ ಅಂದಾಜಿನ ರಕ್ತಪರೀಕ್ಷೆಯೇ. ಅದನ್ನು 18ನೇ ವಾರದಲ್ಲಿ ಮಾಡಿಸಿ, 20ನೇ ವಾರದಲ್ಲಿ ಆಮ್ನಿಯೋ ಆದರೆ, ಪೂರ್ಣ ಕ್ರೋಮೋಸೋಮ್ ವರದಿಗೆ ಇನ್ನೂ 2–3 ವಾರ. ಅಷ್ಟರಲ್ಲಿ 23 ವಾರ. ಗರ್ಭಪಾತದ ಕಾಯ್ದೆಗೆ ಬಂದ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದರೆ ಗರ್ಭಪಾತದ ತೀರ್ಮಾನ ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು.

ಹಾಗಾಗಿ ‘ಹೈ ರಿಸ್ಕ್ ಬಂದರೆ ಮುಂದೇನು, ಎಷ್ಟನೇ ವಾರಕ್ಕೆ?’ ಎಂಬುದನ್ನು ರಕ್ತ ಕೊಡುವ ಮೊದಲೇ ಕೇಳಬೇಕು. ಮುಂದೆ ಯಾವ ಪರೀಕ್ಷೆಯೂ ಬೇಡ ಎನ್ನುವವರು ಈ ರಕ್ತವನ್ನೂ ಕೊಡದಿರಬಹುದು. ಆಮ್ನಿಯೋ ಮಾಡಿಸುವುದಾದರೆ ತುಳುವಿನಲ್ಲಿ ವಿವರಿಸಿ ಎಂದು ಕೇಳಿ, ಫಾರ್ಮ್ ಜಿಯ ಪ್ರತಿಯನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ.