ಬಾಲಣ್ಣಂಗೆ ನಿಜವಾಗ್ಲೂ ಕಿವಿ ಕೇಳ್ತಿರ್ಲಿಲ್ವಾ?

ಪ್ರಶ್ನೆ: ಹಳೇ ಸಿನಿಮಾದ ಟಿ.ಎನ್. ಬಾಲಕೃಷ್ಣ ಅವ್ರಿಗೆ ಕಿವಿ ಕೇಳ್ತಿರ್ಲಿಲ್ಲ ಅಂತ ನಮ್ಮಪ್ಪ ಹೇಳ್ತಾರೆ. ನಂಗೆ ನಂಬೋಕೇ ಆಗ್ತಿಲ್ಲ. ಎದುರಿಗಿರೋರು ಏನಂದ್ರು ಅಂತ ಕೇಳಿಸ್ದೆ ಅಷ್ಟು ಕರೆಕ್ಟಾಗಿ ಡೈಲಾಗ್ ಹೇಗೆ ಹೇಳೋಕಾಗತ್ತೆ?

ಉತ್ತರ: ನಿಮ್ಮಪ್ಪ ಹೇಳಿದ್ದು ನಿಜ. ಬಾಲಣ್ಣಂಗೆ ಚಿಕ್ಕ ವಯಸ್ಸಿಂದಾನೇ ಕಿವಿ ಮಂದ. ಎದುರಿಗಿರೋರ ತುಟಿ ನೋಡ್ಕೊಂಡೇ ಮಾತು ಅರ್ಥ ಮಾಡ್ಕೊಳೋರು. ಹಂಗೇ 1943ರ ರಾಧಾರಮಣದಿಂದ ಹಿಡಿದು 1995ರಲ್ಲಿ ತೀರ್ಕೊಳ್ಳೋವರ್ಗೂ ಐನೂರಕ್ಕೂ ಜಾಸ್ತಿ ಸಿನಿಮಾ ಮಾಡಿಬಿಟ್ರು, 560 ಅನ್ನೋ ಲೆಕ್ಕ ಜಾಸ್ತಿ ಓಡಾಡತ್ತೆ. ಒಂದ್ಸಲ ಯೋಚ್ನೆ ಮಾಡಿ, ರಾಜ್‌ಕುಮಾರ್ ಬೇಡರ ಕಣ್ಣಪ್ಪ ಆಗಿ ಬಂದಿದ್ದು, ನರಸಿಂಹರಾಜು ಸಿನಿಮಾಗೆ ಕಾಲಿಟ್ಟಿದ್ದು ಎರಡೂ 1954ರಲ್ಲಿ, ಅಷ್ಟೊತ್ತಿಗೆ ಈ ಮನುಷ್ಯ ಬಣ್ಣ ಹಚ್ಚಿ ಹನ್ನೊಂದು ವರ್ಷ ಆಗೋಗಿತ್ತು.

ಇನ್ನು 'ಹೇಗೆ' ಅನ್ನೋದಕ್ಕೆ ಬರೋಣ, ನಂಗಿಷ್ಟವಾದ ಭಾಗ ಇದೇ.

ತುಟಿ ಓದೋದು ಅಂದ್ರೆ ಏನೋ ಮ್ಯಾಜಿಕ್ ಅನ್ಕೊಂಡಿರ್ತೀವಿ, ಆದ್ರೆ ಕನ್ನಡದಲ್ಲಿ ಅದು ಎಷ್ಟು ಕಷ್ಟ ಅಂತ ಗೊತ್ತಾಗ್ಬೇಕಂದ್ರೆ ಕನ್ನಡಿ ಮುಂದೆ ನಿಂತ್ಕೊಂಡು ಸೌಂಡ್ ಬರದಂಗೆ 'ಪಾಪ' ಅನ್ನಿ, ಆಮೇಲೆ 'ಬಾಬಾ' ಅನ್ನಿ, ಆಮೇಲೆ 'ಮಾಮ' ಅನ್ನಿ. ಮೂರಕ್ಕೂ ತುಟಿ ಒಂದೇ ಥರ ಕೂಡಿ ಬಿಡತ್ತೆ, ಒಂಚೂರೂ ಡಿಫರೆನ್ಸ್ ಕಾಣಲ್ಲ. ಕ, ಗ ಅಂತೂ ಗಂಟಲ ಹತ್ರಾನೇ ಮುಗಿದೋಗತ್ತೆ, ಹೊರಗಡೆ ಏನೂ ಕಾಣ್ಸಲ್ಲ. ಹಂಗಾಗಿ ತುಟಿ ಓದೋರು ಅರ್ಧ ನೋಡ್ತಾರೆ, ಇನ್ನರ್ಧ ಸಂದರ್ಭದ ಮೇಲೆ ಊಹೆ ಮಾಡ್ತಾರೆ. ನಮ್ಮ ಸೋದರತ್ತೆಗೂ ಇದೇ ಕಥೆ, ಮಾತಾಡೋ ವಿಷ್ಯ ಯಾವ್ದು ಅಂತ ಮೊದ್ಲು ಗೊತ್ತಾಗಿಬಿಟ್ರೆ ಪಟಪಟ ಉತ್ತರ ಕೊಡ್ತಾರೆ, ಮದುವೆ ಮಾತಾಡ್ತಾ ಇದ್ದಕ್ಕಿದ್ದಂಗೆ ಗ್ಯಾಸ್ ಸಿಲಿಂಡರ್‌ಗೆ ಹೋದ್ರೆ ಮಾತ್ರ ಪೂರ್ತಿ ಎಡವಟ್ಟು.

ಈಗ ನೋಡಿ, ನಟನಿಗೆ ಸಂದರ್ಭ ಮೊದ್ಲೇ ಗೊತ್ತಿರತ್ತಲ್ಲ! ಎದುರಿಗಿರೋನು ಏನ್ ಹೇಳ್ತಾನೆ ಅನ್ನೋದು ಪೇಪರ್ ಮೇಲೆ ಬರ್ದಿರತ್ತೆ. ತನ್ನ ಡೈಲಾಗ್ ಜೊತೆ ಎದುರಿನವರದ್ದೂ ಬಾಯಿಪಾಠ ಮಾಡ್ಕೊಂಡ್ರೆ ತುಟಿ ನೋಡಿ ಇಡೀ ವಾಕ್ಯ ಹಿಡಿಯೋ ಅಗತ್ಯ ಇಲ್ಲ, ಅವ್ನ ಮಾತು ಎಲ್ಲಿ ಮುಗೀತು ಅಂತ ಗೊತ್ತಾದ್ರೆ ಸಾಕು. ಬಾಲಣ್ಣ ಬಂದಿದ್ದು ಕಂಪನಿ ನಾಟಕದಿಂದ. ಅಲ್ಲಿ ಅದೇ ನಾಟಕ ರಾತ್ರಿ ರಾತ್ರಿ ಆಡಿ ಆಡಿ ಎಲ್ಲರ ಮಾತೂ ಎಲ್ಲರಿಗೂ ನಾಲಿಗೆ ತುದೀಲಿ ಇರ್ತಿತ್ತು. ಡೈಲಾಗ್ ಮರೆತ್ರೆ ಸೈಡ್ ವಿಂಗಲ್ಲಿ ನಿಂತು ಪಿಸುಗುಟ್ಟೋರು ಇರ್ತಿದ್ರು, ಕಿವಿ ಕೇಳೋರಿಗೆ ಅದೊಂದು ಆಸರೆ, ಕಿವಿ ಮಂದ ಇರೋರಿಗೆ ಪಿಸುಮಾತಿಂದ ಏನ್ ಉಪಯೋಗ ಹೇಳಿ. ಅಂಥೋರು ಮರೆಯೋ ಹಂಗೇ ಇಲ್ಲ, ಅಷ್ಟೇ.

ಸಿನಿಮಾ ಸೆಟ್ಟಲ್ಲಿ ಇನ್ನೊಂದು ಕಷ್ಟ. ಹಳೇ ಕಾಲದಲ್ಲಿ ಶೂಟಿಂಗ್ ಆಗ್ತಿದ್ದಂಗೇ ಅಲ್ಲೇ ಮೈಕಲ್ಲಿ ಮಾತು ರೆಕಾರ್ಡ್ ಮಾಡೋದೂ ಮಾಮೂಲಿ, ಆಮೇಲೆ ಡಬ್ಬಿಂಗಲ್ಲಿ ಸರಿ ಮಾಡ್ಕೊಳ್ಳೋಣ ಅನ್ನೋ ಧೈರ್ಯ ಯಾವಾಗ್ಲೂ ಇರ್ತಿರ್ಲಿಲ್ಲ. ಅದ್ರ ಮೇಲೆ ಪೌರಾಣಿಕ ಸಿನಿಮಾ ಅಂದ್ರೆ ಅರ್ಧ ಜನಕ್ಕೆ ಎದೆ ಮುಟ್ಟೋ ಗಡ್ಡ, ಬಾಯಿ ಮುಚ್ಚೋ ಮೀಸೆ, ಋಷಿಗಳ ತುಟಿ ಹುಡುಕೋಕೇ ಅರ್ಧ ದಿನ ಬೇಕು 😄 (ಇದು ನನ್ನ ತಲೆಹರಟೆ, ಆದ್ರೂ ಯೋಚ್ನೆ ಮಾಡ್ದಾಗೆಲ್ಲ ನಗು ಬರತ್ತೆ, ಅಯ್ಯೋ ಪಾಪ ಅಂತಾನೂ ಅನ್ಸತ್ತೆ.)

ನಂಗನ್ಸೋದು ಏನಂದ್ರೆ, ಬಾಲಣ್ಣನ ನಟನೆ ಹಂಗೆ ಬಂದಿದ್ದೇ ಈ ಕಿವಿಯಿಂದ. ಟೀವೀಲಿ ಅವ್ರ ಯಾವ್ದಾದ್ರೂ ಸಿನಿಮಾ ಬಂದಾಗ ಒಂದೈದು ನಿಮಿಷ ಮ್ಯೂಟ್ ಮಾಡಿ ಅವರೊಬ್ಬರನ್ನೇ ನೋಡಿ, ನಾನು ಮಾಡಿದೀನಿ. ಬೇರೆಯೋರು ತಮ್ಮ ಡೈಲಾಗ್ ಮುಗಿದ್ಮೇಲೆ ಸುಮ್ನೆ ನಿಂತಿರ್ತಾರೆ, ಕೆಲವ್ರು ಎಲ್ಲೋ ನೋಡ್ತಿರ್ತಾರೆ, ಇವ್ರ ಕಣ್ಣು ಮಾತ್ರ ಎದುರಿನವರ ಮುಖ ಬಿಟ್ಟು ಅಲ್ಲಾಡಲ್ಲ. ಆ ನೋಟಾನೇ ಜಿಪುಣ ಸಾಹುಕಾರನ ಪಾತ್ರದಲ್ಲಿ ಇದ್ರೆ 'ಇವ್ನ ಹತ್ರ ಎಷ್ಟ್ ಕೀಳ್ಬೋದು' ಅಂತ ಲೆಕ್ಕ ಹಾಕ್ದಂಗೆ ಕಾಣತ್ತೆ, ಮನೆ ಮುರಿಯೋ ಕುತಂತ್ರಿ ಆದ್ರೆ ಭಯ ಆಗತ್ತೆ, ಒಳ್ಳೆಯವನ ಪಾತ್ರ ಆದ್ರೆ ಎಷ್ಟು ಆಸಕ್ತಿಯಿಂದ ಕೇಳಿಸ್ಕೊತಿದಾನಲ್ಲ ಅಂತ ಕರುಳು ಚುರ್ ಅನ್ನತ್ತೆ. ಒಂದೇ ನೋಟ, ಮೂರು ಥರ ಕೆಲ್ಸ.

ಅದಕ್ಕೇ ಅವ್ರನ್ನ ಬರೀ ಕಾಮಿಡಿ ನಟ ಅಂತ ಬರೆಯೋರ ಮೇಲೆ ನಂಗೆ ಸ್ವಲ್ಪ ಕೋಪ. 1972ರ ಬಂಗಾರದ ಮನುಷ್ಯದಲ್ಲಿ ರಾಚೂಟಪ್ಪ ಮಾಡಿದ್ರಲ್ಲ, ಅಕ್ಕನ ಹಳ್ಳಿಗೆ ಬಂದು ಬೇಸಾಯಕ್ಕಿಳಿದ ರಾಜೀವನ (ರಾಜ್‌ಕುಮಾರ್) ಬೆನ್ನಿಗೆ ನಿಲ್ಲೋ ಹಿರಿಯ, ಆ ಸಿನಿಮಾ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಲ್ಲಿ ಎರಡು ವರ್ಷ ಓಡ್ತು. ರಾಜೀವನ್ನ ನೋಡೋಕೆ ಜನ ಹೋಗಿದ್ದು ಸರಿ, ಆದ್ರೆ ನಮ್ಮಜ್ಜಿ ಆ ಪಿಕ್ಚರ್ ಬಗ್ಗೆ ಮಾತೆತ್ತಿದ್ರೆ ಮೊದ್ಲು ಹೇಳ್ತಿದ್ದ ಹೆಸ್ರು ರಾಚೂಟಪ್ಪನದೇ, ಊರಿಗೊಬ್ಬ ಅಂಥೋನು ಇರ್ಬೇಕು ಅಂತ.

ಕೆಲವ್ರು ಇನ್ನೊಂದು ಪ್ರಶ್ನೆ ಕೇಳ್ತಾರೆ, ಪಾಪ ಕಿವಿ ಕೇಳ್ದೆ ಇರೋರಿಗೆ ಯಾರೋ ಕರುಣೆಯಿಂದ ಚಾನ್ಸ್ ಕೊಡ್ತಿದ್ರಾ ಅಂತ. ಛೆ, ಇಲ್ಲ ಬಿಡಿ. ಐವತ್ತರ ದಶಕದ ಕೊನೇಲಿ ಕನ್ನಡ ಸಿನಿಮಾ ಕೈಗೆ ಸಿಗೋದೇ ಕಷ್ಟ ಆಗಿತ್ತು, ನಮ್ಮೋರು ಮದ್ರಾಸಲ್ಲಿ ಕೂತು ಕೆಲ್ಸ ಹುಡುಕೋ ಪರಿಸ್ಥಿತಿ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ಕೂ ಜನ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕ ಆಡಿ, 1960ರಲ್ಲಿ ರಣಧೀರ ಕಂಠೀರವ ಸಿನಿಮಾ ಮಾಡಿದ್ರು. ಚಾನ್ಸ್ ತಗೊಂಡೋರಲ್ಲ ಇವ್ರು, ನಾಲ್ಕು ಜನಕ್ಕೆ ಕೆಲ್ಸ ಹುಟ್ಟಿಸಿದ ಗುಂಪಿನೋರು. ಬೆಂಗಳೂರಲ್ಲಿ ಕನ್ನಡ ಸಿನಿಮಾಗೆ ಒಂದು ಜಾಗ ಇರ್ಲಿ ಅಂತ ಕೆಂಗೇರಿ ಹತ್ರ ಅಭಿಮಾನ್ ಸ್ಟುಡಿಯೋ ಕಟ್ಟೋಕೆ ಕೈ ಹಾಕಿದ್ದೂ ಬಾಲಣ್ಣಾನೇ. ಅದ್ರ ಹಿಂದೆ ಪಟ್ಟ ಪಾಡು ಒಂದೆರಡಲ್ಲ, ಅದು ಬೇರೆ ಕಥೆ, ಈಗಿನ ಹುಡುಗ್ರಿಗೆ ಆ ಹೆಸ್ರು ಗೊತ್ತಿರೋದು 2009ರಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಆದ ಜಾಗ ಅಂತ, ಕಟ್ಟಿದ್ದು ಯಾರು ಅಂತ ಕೇಳಿದ್ರೆ ತಲೆ ಕೆರ್ಕೊತಾರೆ.

ಒಂದು ವಿಚಿತ್ರ ಗಮನಿಸಿದೀರಾ? ನಮ್ಮ ನಾಟಕ ಸಿನಿಮಾಗಳಲ್ಲಿ ಕಿವುಡನ ಕಾಮಿಡಿ ಅಂದ್ರೆ ಸವೆದು ಹೋದ ಸರಕು, ಇವ್ರು 'ಹಾಲು' ಅಂದ್ರೆ ಅವ್ನಿಗೆ 'ಕಾಲು' ಅಂತ ಕೇಳ್ಸತ್ತೆ, ಜನ ಬಿದ್ದೂ ಬಿದ್ದೂ ನಗ್ತಾರೆ. ನಿಜವಾಗ್ಲೂ ಕಿವಿ ಕೇಳ್ದೆ ಇದ್ದ ಮನುಷ್ಯ ಐವತ್ತು ವರ್ಷ ಅದೇ ಪರದೆ ಮೇಲೆ ಇದ್ರು, ಬರೀ ಸಿನಿಮಾ ನೋಡಿದೋರಿಗೆ ಗೊತ್ತೇ ಆಗ್ಲಿಲ್ಲ. ನಿಮ್ಮಪ್ಪ ಹೇಳೋವರ್ಗೂ ನಿಮ್ಗೂ ಗೊತ್ತಾಗ್ಲಿಲ್ವಲ್ಲ.

ಎಲ್ಲಿಂದ ನೋಡ್ಲಿ ಅಂತೀರಾದ್ರೆ ಬಂಗಾರದ ಮನುಷ್ಯದಿಂದಾನೇ ಶುರು ಮಾಡಿ. ಮೊದ್ಲು ಸೌಂಡ್ ಇಟ್ಕೊಂಡು ನೋಡಿ, ಆ ಎಳೆದು ಎಳೆದು ಮಾತಾಡೋ ದನಿ ತಪ್ಪಿಸ್ಕೊಬೇಡಿ. ಮ್ಯೂಟ್ ಎರಡನೇ ಸಲಕ್ಕಿರ್ಲಿ. ನಮ್ಮತ್ತೆ ಅಂತೂ ಮೊದ್ಲಿಂದಾನೂ ಹಂಗೇ ನೋಡೋದು, ರಾಚೂಟಪ್ಪ ಬಂದ ತಕ್ಷಣ ಕನ್ನಡಕ ಸರಿ ಮಾಡ್ಕೊಂಡು ಟೀವಿ ಹತ್ರಕ್ಕೆ ಕುರ್ಚಿ ಎಳ್ಕೊತಾರೆ.